ಫ್ರಾನ್ಸಿನಲ್ಲೊಂದು ಖರ್ಜೂರದ ಗರಿ

ಎಲ್ಲದಕ್ಕೂ ಕಾರಣ ಒಂದು ಖರ್ಜೂರದ ಗರಿ. ಪೂರ್ತಿ ಗರಿಯೂ ಅಲ್ಲ, ಅದರ ತುದಿ. ಆಲ್ಫ್ರೆಡ್ ಲೋಬೊ ತನ್ನ ಹೆಂಡತಿ ಜೊವಿಟಾಳನ್ನು ಒಂದು ದೊಡ್ಡ ದುಂಡು ಬುರುಜಿನ ಮುಂದೆ ನಿಲ್ಲಿಸಿ ತೆಗೆದ ಫೋಟೋದ ಬಲಮೂಲೆಯಲ್ಲಿ, ಉಗುರಿನಷ್ಟು ಜಾಗದಲ್ಲಿ, ಅದು ಹಸಿರಾಗಿ ಇಣುಕಿತ್ತು. ಜೊವಿಟಾ ಅದನ್ನು ಗಮನಿಸದೆ, 'ಫ್ರಾನ್ಸಿನ ಮೊದಲ ಕೋಟೆ. ಚಳಿಯೋ ಚಳಿ' ಎಂದು ಕೆಳಗೆ ಬರೆದು, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಬಿಲ್ಡಿಂಗಿನವರ 'ಹಮ್ರಿಯಾ ಕುಟುಂಬ' ಎಂಬ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಳು. ಹಾಕುವಾಗ ಅವಳು ಕೂತಿದ್ದದ್ದು ಒಮಾನಿನ ನಿಜ್ವಾ ಪೇಟೆಯ ಗೆಸ್ಟ್ ಹೌಸೊಂದರ ಮಂಚದ ಮೇಲೆ. ಬುರುಜು ನಿಜ್ವಾದ್ದೇ. ಫ್ರಾನ್ಸು ಅಲ್ಲಿಂದ ಐದು ಸಾವಿರ ಚಿಲ್ಲರೆ ಕಿಲೋಮೀಟರು ದೂರ ಇತ್ತು.

ಆಲ್ಫ್ರೆಡ್ ಸುಳ್ಳುಗಾರನೆಂದು ತಿಳಿಯಬೇಡಿ. ಇಪ್ಪತ್ತೆರಡು ವರ್ಷದಿಂದ ಮಸ್ಕತ್ತಿನ ಒಂದು ಏಸಿ ಕಂಪೆನಿಯ ಗೋಡೌನು ನೋಡಿಕೊಳ್ಳುತ್ತಿದ್ದ ಮನುಷ್ಯ, ಇವತ್ತಿನವರೆಗೆ ಒಂದು ಸ್ಕ್ರೂ ಕಡಿಮೆಯಾದದ್ದಿಲ್ಲ. ಅವನ ತಲೆ ಕೆಡಿಸಿದವನು ಕೆಳಗಿನ ಮಹಡಿಯ ಫ್ಲೋಯ್ಡ್ ಕ್ರಾಸ್ತಾ. ಎರಡು ವರ್ಷದ ಹಿಂದೆ ಫ್ಲೋಯ್ಡ್ ಹೆಂಡತಿ ರೆನಿಟಾಳೊಂದಿಗೆ ಸ್ವಿಟ್ಜರ್ಲೆಂಡಿಗೆ ಹೋಗಿಬಂದು, ಬಿಲ್ಡಿಂಗಿನ ಊರವರನ್ನೆಲ್ಲ ಕರೆದು, ಟೀವಿಯಲ್ಲಿ ಎರಡು ಗಂಟೆ ಫೋಟೋ ತೋರಿಸಿದ್ದ. ಹಸಿರು ಗುಡ್ಡ, ಮಂಜು, ದನ. ಮತ್ತೆ ದನ, ಮಂಜು, ಹಸಿರು ಗುಡ್ಡ. ಅದನ್ನು ನೋಡಿ ಮೆಟ್ಟಿಲು ಹತ್ತುವಾಗ ಜೊವಿಟಾ, ಮದುವೆಯಾಗಿ ಇಷ್ಟು ವರ್ಷವಾಯಿತು, ನನ್ನನ್ನು ನೀವು ಅಲ್ ಮವಾಲೇಹದ ತರಕಾರಿ ಮಾರ್ಕೆಟಿಗಿಂತ ಆಚೆಗೆ ಕರಕೊಂಡು ಹೋದದ್ದುಂಟಾ ಎಂದು ಕೇಳಿದಳು. ಆಲ್ಫ್ರೆಡ್ ಅಲ್ಲೇ ಮೆಟ್ಟಿಲ ಮೇಲೆ, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಫ್ರಾನ್ಸು ಎಂದು ಮಾತು ಕೊಟ್ಟ.

ಆಮೇಲೆ ಎರಡು ವರ್ಷ ಮಸ್ಕತ್ತಿನ ಹಮ್ರಿಯಾದ ಆ ಬಿಲ್ಡಿಂಗಿಗೆ ಫ್ರಾನ್ಸ್ ಬಿಟ್ಟರೆ ಬೇರೆ ಸುದ್ದಿಯಿರಲಿಲ್ಲ. ಆಲ್ಫ್ರೆಡ್ ಯೂಟ್ಯೂಬಿನಲ್ಲಿ ಅಲ್ಲಿನ ಒಂದು ನದಿ ದಂಡೆಯ ಕೋಟೆಗಳನ್ನೆಲ್ಲ ನೋಡಿ ಮುಗಿಸಿದ್ದ. ಯಾವ ಕೋಟೆಗೆ ಎಷ್ಟು ಕಿಟಕಿ, ಯಾವ ಜಿಲ್ಲೆಗೆ ಯಾವ ಚೀಸು, ಎಲ್ಲಿ ಬಾತುಕೋಳಿ ಪದಾರ್ಥ, ಎಲ್ಲಿ ಮೀನಿನ ಸಾರು, ಎಲ್ಲವೂ ಬಾಯಿಪಾಠ. ಲಿಫ್ಟಿನಲ್ಲಿ ಸಿಕ್ಕವರಿಗೆ ಮೂರನೇ ಮಹಡಿ ತಲುಪುವುದರೊಳಗೆ ಒಂದು ಕೋಟೆ ತೋರಿಸಿಬಿಡುತ್ತಿದ್ದ. ಹೋಗುವ ಮೊದಲೇ ಇಷ್ಟು ಹೇಳಿದವನು ಹೋಗದೇ ಇದ್ದರೆ ಮುಖ ಎಲ್ಲಿಡುವುದು, ನೀವೇ ಹೇಳಿ.

ಕೆಟ್ಟದ್ದು ಎಲ್ಲಿ ಅಂದರೆ ವೀಸಾ ಕಚೇರಿಯ ಕೌಂಟರಿನಲ್ಲಿ. ಕಾಗದ ಪತ್ರ ಎಲ್ಲ ಸರಿಯಿತ್ತು. ಕೊನೆಗೆ ಕೌಂಟರಿನ ಹುಡುಗಿ, ಹತ್ತು ದಿನ ಮುಗಿದ ಮೇಲೆ ಒಮಾನಿಗೆ ಖಂಡಿತ ವಾಪಸ್ ಬರುತ್ತೀರಲ್ಲ ಎಂದು ಕೇಳಿದಳು. ಇಪ್ಪತ್ತೆರಡು ವರ್ಷ ಒಮಾನಿನಲ್ಲಿದ್ದವನ ಬಾಯಲ್ಲಿ ಇಂಥ ಪ್ರಶ್ನೆಗೆ ಬರುವ ಉತ್ತರ ಒಂದೇ. ನಾಳೆ ಮಾಲು ಬರುತ್ತದಾ ಅಂದರೂ ಅದೇ, ಸಂಬಳ ಆಗುತ್ತದಾ ಅಂದರೂ ಅದೇ. ಆಲ್ಫ್ರೆಡ್ ವಿನಯದಿಂದ ಎದೆಯ ಮೇಲೆ ಕೈಯಿಟ್ಟು, "ಇನ್ಶಾ ಅಲ್ಲಾಹ್" ಅಂದ. ದೇವರು ಮನಸ್ಸು ಮಾಡಿದರೆ ಎಂದರ್ಥ. ಹುಡುಗಿ ಏನೋ ಬರೆದುಕೊಂಡಳು. ಎರಡು ವಾರದ ಮೇಲೆ ಪಾಸ್‌ಪೋರ್ಟಿನ ಜೊತೆ ಒಂದು ಕಾಗದ ಬಂತು. ಅರ್ಜಿದಾರರು ಹಿಂದಿರುಗುವ ಬಗ್ಗೆ ಖಾತ್ರಿಯಿಲ್ಲ ಎಂದು ಅದರಲ್ಲಿತ್ತು.

ಕಾಗದ ಬಂದದ್ದು ಮಂಗಳವಾರ ಸಂಜೆ. ಸೋಮವಾರ ಸಂಜೆಯೇ ಬಿಲ್ಡಿಂಗಿನವರು ಕೇಕು ಕತ್ತರಿಸಿ, ಶಾಲು ಹೊದಿಸಿ, ಬೀಳ್ಕೊಟ್ಟಾಗಿತ್ತು. ಇಗರ್ಜಿಯಲ್ಲಿ ಪಾದ್ರಿಗಳು ಪ್ರಯಾಣಿಕರಿಗಾಗಿ ಪ್ರಾರ್ಥನೆ ಮಾಡಿಯೂ ಆಗಿತ್ತು. ಎದುರುಮನೆಯ ಭೋಜರಾಜ ಫ್ರಿಜ್ಜಿಗಂಟಿಸುವ ಐಫೆಲ್ ಟವರು ತರಲು ಹೇಳಿದ್ದ, ಅವನ ಹೆಂಡತಿ ವಿನೋದಾ ಸೆಂಟು. ಇವು ಮಸ್ಕತ್ತಿನಲ್ಲೇ ರೂವಿ ಪೇಟೆಯ ಅಂಗಡಿಗಳಲ್ಲಿ ಸಿಗುತ್ತವೆ, ತೊಂದರೆಯಿಲ್ಲ. ಆದರೆ ಫ್ಲೋಯ್ಡನ ತಾಯಿ ಶಾಲೆಟ್ ಆಂಟಿ ಒಂದು ಖಾಲಿ ಬಾಟ್ಲಿ ಕೊಟ್ಟಿದ್ದರು. ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟ್ಲಿ, ನೀಲಿ ಕಿರೀಟದ ಮುಚ್ಚಳ. ಎಪ್ಪತ್ತಾರು ವರ್ಷದ ಹೆಂಗಸು, ಎರಡೂ ಮೊಣಕಾಲು ಹಿಡಿದುಹೋಗಿವೆ. ಆಲ್ಫ್ರೆಡನ ಕೈ ಹಿಡಿದುಕೊಂಡು, ಫ್ರಾನ್ಸಿಗೆ ಹೋಗುವವನು ಲೂರ್ಡ್ಸ್ ಮಾತೆಯ ತೀರ್ಥ ತರದೆ ಇರಬೇಡ ಪುತಾ, ಅದು ಕುಡಿದರೆ ಕಾಲುನೋವು ಹೋಗುತ್ತದಂತೆ, ಬೇರೆ ಎಂತದೂ ಬೇಡ ಎಂದಿದ್ದರು. ದಾರಿಯಲ್ಲೇ ಉಂಟು ಆಂಟಿ ಎಂದು ಆಲ್ಫ್ರೆಡ್ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಆ ಒಂದು ವಸ್ತು ಮಾತ್ರ ಮಸ್ಕತ್ತಿನ ಯಾವ ಸೂಪರ್ ಮಾರ್ಕೆಟಿನಲ್ಲೂ ಸಿಗುವಂಥದ್ದಲ್ಲ.

ಗುರುವಾರ ಫ್ಲೋಯ್ಡನೇ ತನ್ನ ಕಾರಿನಲ್ಲಿ ಅವರನ್ನು ಏರ್‌ಪೋರ್ಟಿಗೆ ಬಿಟ್ಟ. ಬೇಡ ಅಂದರೆ ಕೇಳುವ ಜನ ಅಲ್ಲ. ಇಬ್ಬರೂ ಸೂಟ್‌ಕೇಸು ಹಿಡಿದು ಒಳಗೆ ಹೋಗಿ, ಒಂದು ಕಂಬದ ಹಿಂದೆ ಅರ್ಧ ಗಂಟೆ ನಿಂತು, ಫ್ಲೋಯ್ಡನ ಕಾರು ಹೋಯಿತೆಂದು ಖಾತ್ರಿಯಾದ ಮೇಲೆ ಅಲ್ಲೇ ಬಾಡಿಗೆ ಕಾರು ಮಾಡಿಕೊಂಡು ನಿಜ್ವಾಕ್ಕೆ ಬಂದಿದ್ದರು. ಹತ್ತು ದಿನ ಅಡಗಿ ಕೂತು, ಅಲ್ಲೇ ನಾಲ್ಕು ಫೋಟೋ ತೆಗೆದು, ಮರ್ಯಾದೆಯಿಂದ 'ವಾಪಸ್' ಹೋಗುವುದೆಂದು ಲೆಕ್ಕ. ಒಮಾನಿನಲ್ಲಿ ಕೋಟೆಗಳಿಗೇನು ಬರವೇ.

ಈಗ ಗರಿಯ ವಿಷಯಕ್ಕೆ ಬರೋಣ. ಫೋಟೋ ಹಾಕಿ ಐದು ನಿಮಿಷವಾಗಿರಲಿಲ್ಲ, ರೆನಿಟಾಳಿಂದ ಪ್ರಶ್ನೆ ಬಂತು. ರೆನಿಟಾ ಫೋಟೋದಲ್ಲಿ ಮನುಷ್ಯರ ಮುಖ ನೋಡುವವಳಲ್ಲ, ಮೂಲೆ ನೋಡುವವಳು. ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕುತ್ತಾಳೆ. ಫ್ರಾನ್ಸಿನಲ್ಲಿ ಖರ್ಜೂರದ ಮರ ಉಂಟಾ ಎಂದು ಕೇಳಿದಳು. ಬೆನ್ನಿಗೇ ಇನ್ನೊಂದು: ಅಲ್ಲಿ ಈಗ ಬೆಳಿಗ್ಗೆ ಆರು ಗಂಟೆಯಲ್ಲವಾ, ನವೆಂಬರಿನಲ್ಲಿ ಆರು ಗಂಟೆಗೆ ಇಷ್ಟು ಬಿಸಿಲಾ?

ಆಲ್ಫ್ರೆಡ್ ಮಂಚದಿಂದ ಜಿಗಿದ. ದಕ್ಷಿಣ ಫ್ರಾನ್ಸಿನಲ್ಲಿ ಸಮುದ್ರದ ಹತ್ತಿರ ಈ ಮರಗಳು ಧಾರಾಳ ಉಂಟೆಂದೂ, ಫೋಟೋ ನಿನ್ನೆ ಮಧ್ಯಾಹ್ನದ್ದೆಂದೂ ಬರೆಯುವಷ್ಟರಲ್ಲಿ ಬೆವತುಹೋದ. ಮೈಮೇಲೆ ಸ್ವೆಟರು ಬೇರೆ ಇತ್ತು, ಚಳಿ ತೋರಿಸಬೇಕಲ್ಲ. ರೆನಿಟಾ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದಳು. ಆದರೆ ಫ್ಲೋಯ್ಡ್ ಬರೆದದ್ದನ್ನು ಆಲ್ಫ್ರೆಡ್ ಎರಡೆರಡು ಸಲ ಓದಿದ. ಆ ಬುರುಜು ನಮ್ಮ ನಿಜ್ವಾದ ಬುರುಜಿನ ಅಣ್ಣತಮ್ಮನ ಹಾಗೆ ಉಂಟು, ಹೇಗೂ ಮಮ್ಮಿ ನಿಜ್ವಾ ನೋಡಿಲ್ಲ, ಈಗಲೇ ಹೊರಡುತ್ತೇವೆ, ಅದೇ ಆ್ಯಂಗಲಿನಲ್ಲಿ ಫೋಟೋ ತೆಗೆದು ಹಾಕುತ್ತೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಎಂದು ಬರೆದಿದ್ದ.

"ಜೊವಿಟಾ, ಸೂಟ್‌ಕೇಸ್ ಕಟ್ಟು," ಅಂದ ಆಲ್ಫ್ರೆಡ್.

"ಎಲ್ಲಿಗೆ?"

"ಜಬ್ರೀನಿಗೆ. ಅಲ್ಲೂ ಕೋಟೆ ಉಂಟು. ಅವ ನಿಜ್ವಾಕ್ಕೆ ಬರ್ಲಿ, ನಾವು ಅಲ್ಲಿರುವ."

ಜೊವಿಟಾ ನಿಟ್ಟುಸಿರು ಬಿಟ್ಟು, ಫ್ರಾನ್ಸಿನಲ್ಲಿ ಒಂದೇ ಊರಿನಲ್ಲಿ ಮೂರು ದಿನ ಅಂದಿರಲ್ಲ ಎಂದಳು. ಆದರೂ ಕಟ್ಟಿದಳು. ಬಾಟ್ಲಿಯನ್ನು ಸೂಟ್‌ಕೇಸಿನೊಳಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಆಲ್ಫ್ರೆಡ್ ಅದನ್ನು ತನ್ನ ಹೆಗಲ ಚೀಲದಲ್ಲೇ ಇಟ್ಟುಕೊಂಡ. ಎರಡು ದಿನದಿಂದ ಅವನ ಪಕ್ಕೆಗೆ ಅದೇ ಚುಚ್ಚುತ್ತಿತ್ತು.

ಜಬ್ರೀನ್ ತಲುಪಿದಾಗ ಹತ್ತೂವರೆ. ಕೋಟೆಯ ಒಳಗೆ ಕಾಲಿಟ್ಟ ಗಂಡಹೆಂಡತಿ ಇಬ್ಬರೂ ಸ್ವಲ್ಪ ಹೊತ್ತು ತಮ್ಮ ಸುಳ್ಳನ್ನೇ ಮರೆತರು. ಬಣ್ಣದ ಹೂಬಳ್ಳಿ ಬರೆದ ಮರದ ಮಾಡು, ಕೆತ್ತಿದ ಕಿಟಕಿ, ಕೋಟೆಯೊಳಗೇ ಹರಿಯುವ ನೀರಿನ ಕಾಲುವೆ. ಕುದುರೆಗೆಂದೇ ಮಹಡಿಯ ಮೇಲೊಂದು ಕೋಣೆ. ಕೆಳಗೆ ಖರ್ಜೂರದ ಉಗ್ರಾಣ, ನೆಲದಲ್ಲಿ ಸಾಲು ಸಾಲು ತೋಡು. ಮೂಟೆಯ ಮೇಲೆ ಮೂಟೆ ಇಟ್ಟಾಗ ಹಿಂಡಿದ ರಸ ಆ ತೋಡುಗಳಲ್ಲಿ ಹರಿದು ಒಂದು ಕಡೆ ಸೇರುತ್ತಿತ್ತಂತೆ. ಇಪ್ಪತ್ತೆರಡು ವರ್ಷ ಇದೇ ದೇಶದಲ್ಲಿದ್ದು ಇದನ್ನು ನೋಡಿರಲಿಲ್ಲವಲ್ಲ ಎಂದು ಆಲ್ಫ್ರೆಡನಿಗೆ ನಾಚಿಕೆಯಾಯಿತು.

ಅಲ್ಲೇ ಒಂದು ಪ್ರವಾಸಿ ಗುಂಪು ಸಿಕ್ಕಿತು. ಇಪ್ಪತ್ತು ಜನ, ಹೆಚ್ಚಿನವರು ಮುದುಕಿಯರು, ದೊಡ್ಡ ದೊಡ್ಡ ಟೊಪ್ಪಿ. ಜೊವಿಟಾ ವಿಚಾರಿಸಿದರೆ ಫ್ರಾನ್ಸಿನವರು. ಸಾಕ್ಷಾತ್ ಆಲ್ಫ್ರೆಡನ ಯೂಟ್ಯೂಬಿನ ಆ ನದಿ ದಂಡೆಯವರೇ. ಒಮಾನಿನ ಕೋಟೆಗಳನ್ನು ನೋಡಿ ಇಲ್ಲಿನ ಊಟ ಉಣ್ಣಲಿಕ್ಕೆ ಬಂದಿದ್ದರು. ನಿಮ್ಮಲ್ಲಿಯ ಕೋಟೆಗಳು ಎಷ್ಟು ಚಂದ ಎಂದು ಆಲ್ಫ್ರೆಡ್ ಕಿಟಕಿಗಳ ಲೆಕ್ಕದ ಸಮೇತ ಹೇಳತೊಡಗಿದಾಗ ಒಬ್ಬಾಕೆ ನಕ್ಕು, ಅದರಲ್ಲೊಂದು ನಮ್ಮ ಮನೆಯಿಂದ ಹತ್ತೇ ಕಿಲೋಮೀಟರು, ಯಾವಾಗ ಬೇಕಾದರೂ ನೋಡಬಹುದಲ್ಲ ಎಂದು ಈವರೆಗೆ ಒಳಗೇ ಹೋಗಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಜೊವಿಟಾ ಅವರ ನಡುವೆ ನಿಂತು ಫೋಟೋ ತೆಗೆಸಿಕೊಂಡು, 'ಫ್ರಾನ್ಸಿನ ಗೆಳತಿಯರು' ಎಂದು ಗ್ರೂಪಿಗೆ ಹಾಕಿದಳು. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ರೆನಿಟಾ ಕೂಡ ಏನೂ ಕೇಳಲಿಲ್ಲ. ಆಲ್ಫ್ರೆಡನಿಗೆ ಹೋದ ಜೀವ ಬಂದ ಹಾಗಾಗಿ, ಗಾಳಿ ಕುಡಿಯಲು ಮೇಲಿನ ತಾರಸಿಗೆ ಹೋದ.

ತಾರಸಿಯಿಂದ ಬಗ್ಗಿ ನೋಡಿದರೆ ಕೆಳಗೆ ಫ್ಲೋಯ್ಡನ ಬಿಳಿ ಕಾರು ನಿಲ್ಲುತ್ತಿತ್ತು. ಹಿಂದಿನ ಗಾಜಿನಲ್ಲಿ 'ಕಿನ್ನಿಗೋಳಿ' ಎಂದು ಊರಿನ ಹೆಸರಿನ ಸ್ಟಿಕ್ಕರು, ತಪ್ಪುವ ಹಾಗೇ ಇಲ್ಲ. ಗ್ರೂಪಿನಲ್ಲಿ ಫ್ಲೋಯ್ಡ್ ಆಗಷ್ಟೇ ಬರೆದದ್ದನ್ನು ಆಲ್ಫ್ರೆಡ್ ಈಗ ಓದಿದ. ನಿಜ್ವಾದಲ್ಲಿ ಪಾರ್ಕಿಂಗ್ ಸಿಗಲಿಲ್ಲ, ಜಬ್ರೀನಿಗೆ ಬಂದಿದ್ದೇವೆ.

ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದೆ ಎನ್ನುತ್ತಾರೆ. ಇಲ್ಲಿ ಹಾವೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಕೋಟೆಯಿಂದ ಹೊರಹೋಗುವ ಬಾಗಿಲು ಒಂದೇ, ಆ ಬಾಗಿಲಲ್ಲಿ ಫ್ಲೋಯ್ಡ್ ಟಿಕೇಟು ತೆಗೆಯುತ್ತಿದ್ದ. ಆಲ್ಫ್ರೆಡ್ ಕೆಳಗಿಳಿದು ಬಂದು ಜೊವಿಟಾಳಿಗೆ ಸುದ್ದಿ ಮುಟ್ಟಿಸಿದ. ಜೊವಿಟಾ ಹೆದರಲಿಲ್ಲ. ಕೋಟೆ ನೋಡದ ಆ ಫ್ರೆಂಚ್ ಹೆಂಗಸಿನಿಂದ ಟೊಪ್ಪಿ ಕೇಳಿ ಇಸಕೊಂಡು, ಕಪ್ಪು ಕನ್ನಡಕ ಹಾಕಿ, ಶಾಲನ್ನು ಗಲ್ಲದವರೆಗೆ ಸುತ್ತಿ ಗುಂಪಿನ ನಡುವೆ ಸೇರಿಬಿಟ್ಟಳು. ಆಲ್ಫ್ರೆಡನಿಗೆ ಅಂಥ ಸೌಕರ್ಯವಿರಲಿಲ್ಲ. ಅವನು ಕುದುರೆ ಕೋಣೆಗೆ ನುಗ್ಗಿದ. ಅಲ್ಲಿ ಅಡಗಲು ಕುದುರೆಯೂ ಇಲ್ಲ, ಹುಲ್ಲೂ ಇಲ್ಲ. ಪಕ್ಕದ ಸಣ್ಣ ಮೆಟ್ಟಿಲಲ್ಲಿ ಇಳಿದು ಖರ್ಜೂರದ ಉಗ್ರಾಣಕ್ಕೆ ಓಡಿ, ಕತ್ತಲ ಮೂಲೆಯಲ್ಲಿ ತೋಡುಗಳ ನಡುವೆ ಕುಕ್ಕರುಗಾಲಲ್ಲಿ ಕೂತ.

ಮೇಲೆ ನಡೆದದ್ದನ್ನು ಜೊವಿಟಾ ಆಮೇಲೆ ಹೇಳಿದಳು. ರೆನಿಟಾ ಸೀದಾ ಫ್ರೆಂಚರ ಗುಂಪಿಗೆ ಬಂದು, ದಯವಿಟ್ಟು ನಮ್ಮದೊಂದು ಫೋಟೋ ತೆಗೆಯುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿ, ಫೋನನ್ನು ಕೊಟ್ಟದ್ದು ಟೊಪ್ಪಿ, ಕನ್ನಡಕದ ಜೊವಿಟಾಳ ಕೈಗೇ. ಮುಖ ನೋಡುವ ಅಭ್ಯಾಸವಿಲ್ಲದವಳಿಗೆ ಗ್ರೂಪಿನ ಫೋಟೋದಲ್ಲಿದ್ದ ಮುದುಕಿಯರು ಇವರೇ ಎಂದೂ ಗುರುತು ಹತ್ತಲಿಲ್ಲ. ಜೊವಿಟಾ ತುಟಿ ಬಿಚ್ಚದೆ ಮೂರು ಫೋಟೋ ತೆಗೆದು, "ಮೆರ್ಸಿ" ಎಂದು ಫೋನು ಹಿಂದೆ ಕೊಟ್ಟಳು. ಧನ್ಯವಾದ ಹೇಳಬೇಕಾದವಳು ರೆನಿಟಾ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ರೆನಿಟಾ ಅಲ್ಲೇ ನಿಂತು ಆ ಫೋಟೋವನ್ನು ಗ್ರೂಪಿಗೆ ಹಾಕಿ, ಜೊವಿಟಾ, ನಿನ್ನ ಫ್ರಾನ್ಸಿನವಳೇ ಒಬ್ಬಳು ತೆಗೆದದ್ದು, ಎಷ್ಟು ಒಳ್ಳೆಯ ಜನ ಎಂದು ಬರೆದಳು. ಫೋಟೋದ ಎಡಮೂಲೆಯಲ್ಲಿ ಜೊವಿಟಾಳ ಹೆಬ್ಬೆರಳು ಬಿದ್ದಿತ್ತು. ತನ್ನದೇ ಫೋಟೋ ಆದ್ದರಿಂದ ರೆನಿಟಾ ಮೂಲೆ ನೋಡಲಿಲ್ಲ.

ಇತ್ತ ಉಗ್ರಾಣದಲ್ಲಿ ಆಲ್ಫ್ರೆಡ್ ಉಸಿರು ಬಿಗಿಹಿಡಿದು ಕೂತಿದ್ದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಬಂದವರೆಲ್ಲ ಮೊದಲು ಮೇಲೆ ಹತ್ತುತ್ತಾರೆ, ಆ ಹೊತ್ತಿಗೆ ತಾನು ಹೊರಗೆ ಜಾರಿಕೊಳ್ಳುವುದು. ಒಂದನ್ನು ಅವನು ಮರೆತಿದ್ದ. ಮೊಣಕಾಲು ಹಿಡಿದ ಮುದುಕಿ ಮೆಟ್ಟಿಲು ಹತ್ತುವುದಿಲ್ಲ. ಫ್ಲೋಯ್ಡ್ ತಾಯಿಯನ್ನು ಕೆಳಗೆ ಅಂಗಳದಲ್ಲಿ ಕೂರಿಸಿ ಹೋಗಿದ್ದ. ಶಾಲೆಟ್ ಆಂಟಿಗೆ ಬಿಸಿಲು ಚುರುಗುಟ್ಟಿತು, ಕೋಲೂರಿಕೊಂಡು ತಂಪಾದ ಜಾಗ ಹುಡುಕಿ ಉಗ್ರಾಣದೊಳಗೆ ಬಂದರು. ಬಂದು, ಕತ್ತಲೆಗೆ ಕಣ್ಣು ಹೊಂದಿಸಿಕೊಂಡು, ಮೂಲೆಯಲ್ಲಿ ಉಣ್ಣೆಯ ಸ್ವೆಟರು, ಉಣ್ಣೆಯ ಟೊಪ್ಪಿ ಹಾಕಿ ಬೆವರಿನಲ್ಲಿ ತೊಯ್ದು ಕೂತವನನ್ನು ನೋಡಿದರು. ತುಂಬ ಹೊತ್ತು ನೋಡಿದರು.

"ಆಲ್ಫ್ರೆಡ್," ಅಂದರು ಕೊನೆಗೆ. "ಫ್ರಾನ್ಸಿನಲ್ಲೂ ಹೀಗೇ ಖರ್ಜೂರ ಇಡ್ತಾರಾ?"

ಆಲ್ಫ್ರೆಡನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಎದ್ದು ನಿಂತ, ಟೊಪ್ಪಿ ತೆಗೆದ. ಆಮೇಲೆ ಏನು ಹೇಳಬೇಕೆಂದು ತಿಳಿಯದೆ, ಎಲ್ಲವನ್ನೂ ಹೇಳಿದ. ಕೌಂಟರಿನ ಹುಡುಗಿ, ಇನ್ಶಾ ಅಲ್ಲಾಹ್, ಮಂಗಳವಾರದ ಕಾಗದ, ಸೋಮವಾರದ ಕೇಕು, ಏರ್‌ಪೋರ್ಟಿನ ಕಂಬ, ಯಾವುದನ್ನೂ ಬಿಡಲಿಲ್ಲ. ಮುದುಕಿ ಕೇಳಿ ಮುಗಿಸಿ ಕೈ ಚಾಚಿದರು.

"ನನ್ನ ಬಾಟ್ಲಿ ಎಲ್ಲಿ?"

ಆಲ್ಫ್ರೆಡ್ ಚೀಲದಿಂದ ತೆಗೆದು ಕೊಟ್ಟ. ಶಾಲೆಟ್ ಆಂಟಿ ನೀಲಿ ಕಿರೀಟ ತಿರುಗಿಸಿ ತೆಗೆದು, ಬಾಟ್ಲಿಯನ್ನು ತಲೆಕೆಳಗು ಹಿಡಿದರು. ಒಂದು ಹನಿ ಬೀಳಲಿಲ್ಲ.

"ಒಣಗಿದೆ," ಅಂದರು.

"ನಿನ್ನೆ ನಿಜ್ವಾದಲ್ಲಿ ಎರಡು ಸಲ ಕಾಲುವೆಯ ಹತ್ರ ಹೋದೆ ಆಂಟಿ," ಅಂದ ಆಲ್ಫ್ರೆಡ್. "ಮುಚ್ಚಳ ತೆಗೆದೆ. ತುಂಬ್ಸಿಕೊಂಡು ಹೋಗಿ ಲೂರ್ಡ್ಸಿದ್ದು ಅಂತ ಕೊಡುವ ಅಂದ್ಕೊಂಡೆ. ಆದ್ರೆ ನೀವು ಅದನ್ನು ಕುಡಿದು ಶಿಲುಬೆ ಹಾಕಿಕೊಳ್ತೀರಲ್ಲ, ಅದು ಕಣ್ಣಿಗೆ ಬಂತು. ಆಗ್ಲಿಲ್ಲ."

ಶಾಲೆಟ್ ಆಂಟಿ ಬಾಟ್ಲಿಗೆ ಮುಚ್ಚಳ ಹಾಕಿದರು. ಅವರ ಮುಖ ನೋಡಿದರೆ ಬೈಯುತ್ತಾರೋ ಅಳುತ್ತಾರೋ ಗೊತ್ತಾಗುತ್ತಿರಲಿಲ್ಲ. ಅವರು ಎರಡೂ ಮಾಡಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿದರು.

"ಫ್ಲೋಯ್ಡನ ಸ್ವಿಟ್ಜರ್ಲೆಂಡ್ ಎಲ್ಲಿ ಗೊತ್ತುಂಟಾ ನಿಂಗೆ?"

"ಯುರೋಪಿನಲ್ಲಿ ಅಲ್ವಾ ಆಂಟಿ?" ಅಂದ ಆಲ್ಫ್ರೆಡ್.

"ಇಲ್ಲೇ ಒಮಾನಿನ ಸಲಾಲದಲ್ಲಿ. ಮಳೆಗಾಲದ ಸಲಾಲ. ಹಸಿರು ಗುಡ್ಡ, ಮಂಜು, ದನ, ಎಲ್ಲಾ ಅಲ್ಲೇ ಉಂಟಲ್ಲ. ಅವನಿಗೂ ನಿನ್ನ ಹಾಗೇ ಕಾಗದ ಬಂದಿತ್ತು. ಬಾತ್‌ರೂಮಿನಲ್ಲಿ ನಳ್ಳಿ ನೀರು ಬಿಟ್ಟುಕೊಂಡು ಅತ್ತ. ತಾಯಿಗೆ ಕೇಳುದಿಲ್ವಾ? ಮತ್ತೆ ಒಂದು ಫೋಟೋದಲ್ಲಿ ದನದ ಹಿಂದೆ ಒಂಟೆಯ ಕಾಲಿತ್ತು. ರೆನಿಟಾ ಕತ್ತರಿಸಿದ್ದಳು, ಆದ್ರೆ ಮೊಣಕಾಲಿನಿಂದ ಕೆಳಗೆ ಉಳಿದಿತ್ತು. ಮೊಣಕಾಲಿನ ವಿಷಯ ನಂಗೆ ಗೊತ್ತಾಗದೆ ಇರ್ತದಾ ಪುತಾ?"

ಎರಡು ವರ್ಷ. ಎರಡು ವರ್ಷದಿಂದ ಆ ಹಸಿರು ಗುಡ್ಡಗಳು ಆಲ್ಫ್ರೆಡನ ಎದೆಯ ಮೇಲೆ ಕೂತಿದ್ದವು. ರೆನಿಟಾ ಎಲ್ಲರ ಫೋಟೋದ ಮೂಲೆಯನ್ನೇ ಯಾಕೆ ಹುಡುಕುತ್ತಾಳೆ ಎಂಬುದೂ ಈಗ ತಿಳಿಯಿತು. ಕಳ್ಳನಿಗಲ್ಲವೇ ಕಳ್ಳನ ಹೆಜ್ಜೆ ಗೊತ್ತಾಗುವುದು. ಅವನಿಗೆ ನಗು ಬಂತು, ನಗು ತಡೆಯಲು ಉಣ್ಣೆಯ ಟೊಪ್ಪಿಯನ್ನು ಬಾಯಿಗೆ ಒತ್ತಿಕೊಳ್ಳಬೇಕಾಯಿತು. ಶಾಲೆಟ್ ಆಂಟಿಯ ಹೆಗಲೂ ಕುಲುಕುತ್ತಿತ್ತು.

ನಗು ನಿಂತ ಮೇಲೆ ಅವರು, ಮಗನ ಮರ್ಯಾದೆ ಉಳಿಸಿದವಳು ನಿನ್ನದನ್ನೂ ಉಳಿಸುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು. ನೀನೂ ಫ್ಲೋಯ್ಡನದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು ಎಂದರು. ಆಲ್ಫ್ರೆಡ್ ಅವರ ಕೈ ಮುಟ್ಟಿ ಆಣೆ ಮಾಡಿದ. ಬಾಟ್ಲಿ ವಾಪಸ್ ಕೇಳಿದರೆ ಕೊಡಲಿಲ್ಲ, ತಮ್ಮ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು.

ಅಷ್ಟರಲ್ಲಿ ಹೊರಗಿನಿಂದ ಫ್ಲೋಯ್ಡನ ದನಿ ಕೇಳಿಸಿತು. ಮಮ್ಮಿ ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ಕೇಳುತ್ತ ಬರುತ್ತಿದ್ದ. ಆಲ್ಫ್ರೆಡ್ ಮತ್ತೆ ಮೂಲೆಗೆ ಕುಸಿದ. ಶಾಲೆಟ್ ಆಂಟಿ, ತೇರ್ಸ ಹೇಳುತ್ತಿದ್ದೆ, ಜಪಮಾಲೆ ಹಿಡಿದರೂ ಹಿಂದೆ ಬರುತ್ತೀಯಲ್ಲ ಎಂದು ಮಗನನ್ನು ಗದರಿಸಿ, ಕೋಲಿನಿಂದ ಬಾಗಿಲು ಅಡ್ಡಗಟ್ಟಿ ಅವನನ್ನು ತಿರುಗಿಸಿಕೊಂಡು ಹೋದರು. ಹೋಗುವಾಗ ಫ್ಲೋಯ್ಡ್, ಕೋಟೆ ಪರವಾಗಿಲ್ಲ, ಆದರೆ ಸ್ವಿಟ್ಜರ್ಲೆಂಡಿನ ಕೋಟೆಗಳ ಮುಂದೆ ಇದೆಲ್ಲ ಎಂತದೂ ಅಲ್ಲ ಎಂದು ರೆನಿಟಾಳಿಗೆ ಹೇಳುತ್ತಿದ್ದದ್ದು ಉಗ್ರಾಣದವರೆಗೆ ಸ್ಪಷ್ಟವಾಗಿ ಕೇಳಿಸಿತು.

ಬಿಳಿ ಕಾರು ಕಣ್ಮರೆಯಾದ ಮೇಲೆ ಆಲ್ಫ್ರೆಡ್ ಸ್ವೆಟರು ಕಳಚಿ ಬಾಡಿಗೆ ಕಾರಿನ ಹಿಂದಕ್ಕೆ ಎಸೆದ. ಅಷ್ಟು ಹಗುರ ಅವನಿಗೆ ಮಂಗಳವಾರದಿಂದ ಆಗಿರಲಿಲ್ಲ. ಹೆಂಡತಿಗೆ ಬಾಟ್ಲಿಯ ಕಥೆ ಹೇಳಿದ, ಸಲಾಲದ ಕಥೆ ಮಾತ್ರ ನುಂಗಿಕೊಂಡ. ನುಂಗುವುದು ಬಹಳ ಕಷ್ಟವಾಯಿತು. ಇಬ್ಬರೂ ನಿಜ್ವಾಕ್ಕೆ ಮರಳಿ, ಒಂದು ಹೋಟೆಲಿನಲ್ಲಿ ನೆಲದ ಮೇಲೆ ಚಾಪೆಯಲ್ಲಿ ಕೂತು ಶುವಾ ತರಿಸಿದರು. ಮಸಾಲೆ ಸವರಿದ ಆಡಿನ ಮಾಂಸವನ್ನು ಎಲೆಯಲ್ಲಿ ಸುತ್ತಿ, ನೆಲದ ಗುಂಡಿಯ ಕೆಂಡದಲ್ಲಿ ಒಂದು ದಿನ ಹೂತಿಟ್ಟು ಬೇಯಿಸಿದ್ದು. ಬೆರಳು ತಾಗಿದರೆ ಎಲುಬಿನಿಂದ ಬಿಟ್ಟುಬರುತ್ತಿತ್ತು. ಊಟ ಮುಗಿಸಿ ಹೊರಬಂದರೆ ಬೀದಿಬದಿಯಲ್ಲಿ ಒಬ್ಬ ಹೆಂಗಸು ಕಾದ ಕಲ್ಲಿನ ಮೇಲೆ ಕೈಯಿಂದಲೇ ಹಿಟ್ಟು ಸವರಿ, ಕಾಗದದಷ್ಟು ತೆಳ್ಳಗಿನ ರೊಟ್ಟಿ ಮಾಡಿ, ಚೀಸು ಜೇನು ಹಾಕಿ ಮಡಚಿ ಕೊಡುತ್ತಿದ್ದಳು. ಆಲ್ಫ್ರೆಡ್ ಒಂದು ತುಂಡು ಕಡಿದು, ಇದು ಫ್ರಾನ್ಸಿನಲ್ಲಿ ಸಿಗುವುದೂ ಹೀಗೇ, ವಿಡಿಯೋದಲ್ಲಿ ನೋಡಿದ್ದೇನೆ ಎಂದ.

"ಫ್ರಾನ್ಸು ಸಾಕು," ಅಂದಳು ಜೊವಿಟಾ. "ನಂಗೆ ಇದು ಬಹಳ ಇಷ್ಟ ಆಯ್ತು. ನಾಳೆ ಬಹ್ಲಾದ ಕೋಟೆಗೆ ಹೋಗುವ, ಸ್ವೆಟರ್ ಇಲ್ಲದೆ."

ಆಲ್ಫ್ರೆಡನಿಗೆ ಕಣ್ಣು ತುಂಬಿ ಬಂತು. ಇನ್ನೇನು ಬೇಕು ಮನುಷ್ಯನಿಗೆ. ಮರ್ಯಾದೆ ಉಳಿಯಿತು, ಮುದುಕಿಗೆ ಮೋಸ ಆಗಲಿಲ್ಲ, ಹೆಂಡತಿಗೆ ಸಂತೋಷ. ಇನ್ನು ಈ ಜನ್ಮದಲ್ಲಿ ಆ ಕೌಂಟರಿನ ಮುಂದೆ ನಿಲ್ಲಬೇಕಾಗಿಲ್ಲ ಎಂದುಕೊಂಡು ಎರಡನೇ ರೊಟ್ಟಿಗೆ ಹೇಳಿದ.

ಎರಡನೇ ರೊಟ್ಟಿ ಕಲ್ಲಿನ ಮೇಲಿರುವಾಗಲೇ ಗ್ರೂಪಿನಲ್ಲಿ ಶಾಲೆಟ್ ಆಂಟಿಯ ದನಿ ಬಂತು. ಬರೆಯಲು ಬಾರದ ಕಾರಣ ಅವರು ಯಾವಾಗಲೂ ಮಾತಾಡಿಯೇ ಕಳಿಸುವುದು. ಜೊವಿಟಾ ಫೋನನ್ನು ಇಬ್ಬರಿಗೂ ಕೇಳುವ ಹಾಗೆ ಹಿಡಿದಳು.

"ಎಲ್ಲರಿಗೂ ನಮಸ್ಕಾರ. ಆಲ್ಫ್ರೆಡ್, ಈ ಸಲ ನೀನು ಲೂರ್ಡ್ಸಿಗೆ ಹೋಗುವ ತಾಪತ್ರಯ ಮಾಡ್ಬೇಡ, ನೀರು ತರ್ಬೇಡ. ಇವತ್ತು ಒಂದು ಕೋಟೆಯಲ್ಲಿ ಪ್ರಾರ್ಥನೆ ಮಾಡುವಾಗ ನಂಗೆ ಮನಸ್ಸಿಗೆ ಬಂತು, ನಾನೇ ಹೋಗಿ ನನ್ನ ಬಾಟ್ಲಿಗೆ ತುಂಬ್ಸಿಕೊಳ್ತೇನೆ. ಬರುವ ಮೇ ತಿಂಗಳು ಬಿಲ್ಡಿಂಗಿನವರೆಲ್ಲ ಒಟ್ಟಿಗೆ ಹೋಗುವ. ಏಜೆಂಟ್ ಗೀಜೆಂಟ್ ಎಂತದೂ ಬೇಡ. ಯುರೋಪಿನ ದಾರಿ ಗೊತ್ತಿದ್ದವರು ನಮ್ಮಲ್ಲೇ ಇಬ್ಬರಿದ್ದಾರೆ. ಸ್ವಿಟ್ಜರ್ಲೆಂಡಿನದ್ದು ಫ್ಲೋಯ್ಡ್ ನೋಡಿಕೊಳ್ತಾನೆ, ಫ್ರಾನ್ಸಿನದ್ದು ಆಲ್ಫ್ರೆಡ್. ವೀಸಾದ ಕೆಲಸವೂ ಅವರೇ ಮಾಡ್ಲಿ, ಅಭ್ಯಾಸ ಉಂಟಲ್ಲ."

ಮುದುಕಿ ಮಾತಿಗೆ ತಪ್ಪಿರಲಿಲ್ಲ. ಯಾರಿಗೂ ಏನೂ ಹೇಳಿರಲಿಲ್ಲ. ಭೋಜರಾಜ ಮೊದಲು ಹೆಸರು ಕೊಟ್ಟ, ತಾನು ತೀರ್ಥಕ್ಕಲ್ಲ, ಕಿಟಕಿ ಎಣಿಸಲಿಕ್ಕೆ ಬರುವುದು ಎಂದು ಬರೆದ. ಅರ್ಧ ಗಂಟೆಯೊಳಗೆ ಪಟ್ಟಿ ಇಪ್ಪತ್ತೇಳಕ್ಕೆ ಮುಟ್ಟಿತು. ಮೇಲ್ಗಡೆ ದಪ್ಪಕ್ಷರದಲ್ಲಿ ಇಬ್ಬರು ಲೀಡರುಗಳ ಹೆಸರು. ಆಲ್ಫ್ರೆಡ್ ರೊಟ್ಟಿ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ, ಜೇನು ಮೊಣಕೈವರೆಗೆ ಇಳಿಯಿತು.

ಸೂರ್ಯ ಮುಳುಗುವ ಹೊತ್ತಿಗೆ ಫ್ಲೋಯ್ಡ್ ಫೋನು ಮಾಡಿದ. ದನಿ ಎಂದಿನ ಹಾಗಿರಲಿಲ್ಲ, ಒದ್ದೆ ಬಟ್ಟೆಯ ಹಾಗೆ ಮುದುಡಿತ್ತು. ರೋಮಿಂಗ್ ಆಗುತ್ತದೆ, ಬೇಗ ಮುಗಿಸುತ್ತೇನೆ ಎಂದ. ತಾನು ಹೋಗಿ ಎರಡು ವರ್ಷವಾಯಿತು, ಈಗ ರೂಲ್ಸು ಬದಲಾಗಿರಬಹುದು, ನಿನ್ನದು ಹೊಸ ಅನುಭವ, ಆದ್ದರಿಂದ ವೀಸಾದ್ದೆಲ್ಲ ನೀನೇ ಮುಂದೆ ನಿಂತು ಮಾಡಿದರೆ ಒಳ್ಳೆಯದು ಎಂದು ಬಹಳ ಸುತ್ತಿ ಬಳಸಿ ಹೇಳಿದ. ಹೇಳುತ್ತಿರುವಾಗಲೇ ನಿಜ್ವಾದ ಮಸೀದಿಯಿಂದ ಬಾಂಗು ಶುರುವಾಯಿತು. ಅದೇ ಬಾಂಗು ಫೋನಿನೊಳಗಿನಿಂದಲೂ ಕೇಳಿಸಿತು. ಫ್ಲೋಯ್ಡ್ ನಿಜ್ವಾದ ಪೇಟೆಯಲ್ಲೇ ಎಲ್ಲೋ ಹಲ್ವಾ ಕೊಳ್ಳುತ್ತಿದ್ದಿರಬೇಕು. ಇಬ್ಬರೂ ಅದು ಮುಗಿಯುವವರೆಗೆ ಸುಮ್ಮನಿದ್ದರು. ಫ್ರಾನ್ಸಿನಲ್ಲಿ ಅದೇನು ಸದ್ದು ಎಂದು ಫ್ಲೋಯ್ಡ್ ಕೇಳಲಿಲ್ಲ. ಆಲ್ಫ್ರೆಡನಿಗೆ ಅವನ ಮೇಲೆ ಮೊದಲ ಬಾರಿ ಪ್ರೀತಿ ಹುಟ್ಟಿತು. ಹೊಂಡದಲ್ಲಿ ಒಬ್ಬನೇ ಇಲ್ಲವಲ್ಲ, ಅದೇ ದೊಡ್ಡ ಸಮಾಧಾನ.

"ಹೆದರ್ಬೇಡ ಮಾರಾಯ," ಅಂದ ಆಲ್ಫ್ರೆಡ್. "ಕೌಂಟರಿನಲ್ಲಿ ಒಂದೇ ಪ್ರಶ್ನೆ ಮುಖ್ಯ. ವಾಪಸ್ ಬರ್ತೀರಾ ಅಂತ ಕೇಳ್ತಾರೆ. ಹೌದು ಅಂತ ಮಾತ್ರ ಹೇಳ್ಬೇಕು. ಅದಕ್ಕಿಂತ ಹೆಚ್ಚು ಒಂದಕ್ಷರ ಬಾಯಿ ಬಿಡ್ಬಾರ್ದು. ಇಪ್ಪತ್ತೇಳು ಜನಕ್ಕೂ ಅದನ್ನೇ ಕಲಿಸುವ."

ಎರಡು ವರ್ಷದ ಹಿಂದೆ ತಾನು ಅದೇ ಪ್ರಶ್ನೆಗೆ ಏನೆಂದಿದ್ದೆ ಎಂಬುದು ಫ್ಲೋಯ್ಡನಿಗೂ ನೆನಪಾಗಿರಬೇಕು, ಉದ್ದಕ್ಕೆ ಉಸಿರು ಬಿಟ್ಟದ್ದು ಕೇಳಿಸಿತು.

"ಹಾಗಾದ್ರೆ ಈ ಸಲ ವೀಸಾ ಸಿಗ್ತದೆ ಅಲ್ವಾ?" ಎಂದು ಕೇಳಿದ.

ಆಲ್ಫ್ರೆಡ್ ವಿನಯದಿಂದ ಜೇನು ಮೆತ್ತಿದ ಕೈಯನ್ನು ಎದೆಯ ಮೇಲಿಟ್ಟು, "ಇನ್ಶಾ ಅಲ್ಲಾಹ್" ಅಂದ.

ಜೊವಿಟಾ ಹಣೆ ಚಚ್ಚಿಕೊಂಡಳು.